ಮಸಿಬಟ್ಟೆಗೂ ಒಂದು ಮಡಿ

ಮನೆಗೆ ನೆಂಟರು ಬರುತ್ತಾರೆಂದರೆ ನಾವು ಹಾಸಿಗೆಯ ಮೇಲುಹಾಸು ಬದಲಿಸುತ್ತೇವೆ, ಕಿಟಕಿಯ ಪರದೆ ಒಗೆದು ಹಾಕುತ್ತೇವೆ, ಬಚ್ಚಲಿನಲ್ಲಿ ಹೊಸ ಸೋಪು ಬಿಚ್ಚಿಡುತ್ತೇವೆ. ಆದರೆ ಹೊರಬಾಗಿಲಿನ ಗಂಟೆ ಬಾರಿಸಿತೋ, ಮನೆಯೊಡತಿ ಓಡಿಹೋಗಿ ಗ್ಯಾಸ್ ಸಿಲಿಂಡರಿನ ಹಿಂದಕ್ಕೆ ತಳ್ಳುವ ವಸ್ತು ಒಂದಿದೆ. ಅದೇ ಮಸಿಬಟ್ಟೆ. ಉತ್ತರ ಕರ್ನಾಟಕದವರ ಬಾಯಲ್ಲಿ ಮಸಿ ಅರಿವಿ. ಸೌದೆ ಒಲೆ ಹೋಗಿ ಗ್ಯಾಸ್ ಬಂದು ಎಷ್ಟೋ ವರ್ಷಗಳಾದವು, ಪಾತ್ರೆಯ ತಳಕ್ಕೆ ಮಸಿ ಹಿಡಿಯುವ ಕಾಲ ಹೆಚ್ಚಿನ ಮನೆಗಳಲ್ಲಿ ಮುಗಿಯಿತು. ಹೆಸರು ಮಾತ್ರ ಹಾಗೇ ಉಳಿದುಕೊಂಡಿದೆ. ಮಗ ಇಸ್ತ್ರಿ ಇಲ್ಲದ ಅಂಗಿ ತೊಟ್ಟು ಹೊರಟರೆ "ಏನೋ ಅದು, ಒಳ್ಳೇ ಮಸಿಬಟ್ಟೆ ಆದಹಾಗಾಗಿದೆ" ಎನ್ನುತ್ತೇವಲ್ಲ, ಅಷ್ಟರಮಟ್ಟಿಗೆ ಅದಕ್ಕೆ ಮರ್ಯಾದೆ.

ಪಾಪ, ಅದು ಮಾಡುವ ಕೆಲಸವನ್ನಾದರೂ ನೋಡಿ. ಬೆಳಿಗ್ಗೆ ಉಕ್ಕಿ ಚೆಲ್ಲಿದ ಹಾಲು ಒರೆಸಿದ್ದು ಅದೇ. ಇಡ್ಲಿ ಪಾತ್ರೆಯ ಮುಚ್ಚಳ ಹಿಡಿದೆತ್ತಿದ್ದು ಅದೇ. ಒಗ್ಗರಣೆ ಸೌಟಿನ ತಳದ ಎಣ್ಣೆ, ಕಟ್ಟೆಯ ಮೇಲೆ ಬಿದ್ದ ಸಾರು, ಶಾಲೆಯಿಂದ ಬಂದ ಮಕ್ಕಳ ಒದ್ದೆ ಕೈ, ಎಲ್ಲಕ್ಕೂ ಅದೇ. ಕೊನೆಗೆ ರಾತ್ರಿ ತೊಳೆದಿಟ್ಟ ತಟ್ಟೆಯ ನೀರನ್ನೂ ಅದರಲ್ಲೇ ಒರೆಸಿ ನಾವು ಊಟಕ್ಕೆ ಕೂರುತ್ತೇವೆ! ತಟ್ಟೆ ಶುದ್ಧವಾಗಿ ತೊಳೆದದ್ದೇ ಇರಬಹುದು, ಆದರೆ ಒರೆಸಿದ ಮೇಲೆ?

ಮಾರಿಷಸ್ ವಿಶ್ವವಿದ್ಯಾಲಯದ ಸಂಶೋಧಕರಿಗೂ ಇಂಥದೇ ಅನುಮಾನ ಬಂದಿರಬೇಕು. ಒಂದು ತಿಂಗಳು ಬಳಸಿದ 100 ಅಡುಗೆಮನೆ ಬಟ್ಟೆಗಳನ್ನು ತಂದು ಪರೀಕ್ಷಿಸಿ, 2018ರಲ್ಲಿ ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿಗಳ ಸಮ್ಮೇಳನದಲ್ಲಿ ಅದರ ಫಲಿತಾಂಶವನ್ನು ಮುಂದಿಟ್ಟರು. 49 ಬಟ್ಟೆಗಳಲ್ಲಿ ಬ್ಯಾಕ್ಟೀರಿಯ ಬೆಳೆದಿತ್ತು. ಅವುಗಳಲ್ಲಿ ಕೆಲವು ನಮ್ಮ ಕರುಳಿನಲ್ಲಿ ವಾಸಿಸುವ ಜಾತಿಯವು. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಇನ್ನೊಂದು ಮಾತು: ಹಲವು ಕೆಲಸಕ್ಕೆ ಒಂದೇ ಬಟ್ಟೆ ಬಳಸಿದಲ್ಲಿ, ಬಟ್ಟೆ ಒಣಗದೆ ತೇವವಾಗಿಯೇ ಉಳಿದಲ್ಲಿ, ಮನೆಯಲ್ಲಿ ಮಕ್ಕಳೂ ಜನವೂ ಹೆಚ್ಚಿದ್ದಲ್ಲಿ ಅವುಗಳ ಸಂಖ್ಯೆ ಹೆಚ್ಚಾಗಿತ್ತಂತೆ. ಅಂದರೆ ಯಾವ ಪುಡಿ ಹಾಕಿ ಒಗೆದಿರಿ ಎನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಒಣಗಿಸಿದಿರಾ ಎಂಬುದು.

ತೀರ್ಥಹಳ್ಳಿ ಕಡೆಯ ನನ್ನ ತವರಿನಲ್ಲಿ ಈ ಪ್ರಶ್ನೆಗೆ ಉತ್ತರ ಬಚ್ಚಲೊಲೆಯ ಹತ್ತಿರವೇ ಇತ್ತು. ಒಲೆಯ ಮೇಲೆ ಹಂಡೆ, ಹಂಡೆಯ ಮೇಲೆ ಸ್ವಲ್ಪ ಎತ್ತರದಲ್ಲಿ ಅಡ್ಡಕ್ಕೆ ಕಟ್ಟಿದ ಬಿದಿರಿನ ಗಳ. ಆಷಾಢದಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದಿದ್ದರೂ ಆ ಗಳದ ಮೇಲೆ ಹಾಕಿದ ಬಟ್ಟೆ ಬೆಳಗಾಗುವುದರೊಳಗೆ ಒಣಗಿರುತ್ತಿತ್ತು. ಹೊಗೆಯ ವಾಸನೆ ಬರುತ್ತಿತ್ತು ನಿಜ. ಮುಗ್ಗಲು ವಾಸನೆಗಿಂತ ಅದು ಎಷ್ಟೋ ವಾಸಿ. ಒಗೆಯುವುದಕ್ಕೆ ಅದೇ ಒಲೆಯ ಬೂದಿ. ತಳದಲ್ಲಿ ತೂತಿದ್ದ ಹಳೆಯ ಮಡಕೆಗೆ ಒಂದಿಷ್ಟು ತೆಂಗಿನ ನಾರು ತುರುಕಿ, ಮೇಲೆ ಬೂದಿ ತುಂಬಿ, ನೀರು ಹೊಯ್ದರೆ ಕೆಳಗೆ ತೊಟ್ಟಿಕ್ಕುವುದು ತಿಳಿಹಳದಿ ಬಣ್ಣದ ಬೂದಿನೀರು. ಜಿಡ್ಡು ಹಿಡಿದ ಬಟ್ಟೆಗಳನ್ನೆಲ್ಲ ಅದರಲ್ಲಿ ಹಾಕಿ ಕುದಿಸಿ, ಹೊರಗಿನ ಕಲ್ಲಿನ ಮೇಲೆ ನಾಲ್ಕು ಸಲ ಎತ್ತಿ ಬಡಿದರೆ ಮುಗಿಯಿತು.

ವಿಜ್ಞಾನ ಓದುವ ಮಕ್ಕಳಿಗೆ ಇದರಲ್ಲಿ ಒಂದು ಒಳ್ಳೆಯ ಪಾಠವಿದೆ. ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ಅದು ಕ್ಷಾರ. ಎಣ್ಣೆ, ತುಪ್ಪದ ಜಿಡ್ಡಿನೊಂದಿಗೆ ಬಿಸಿ ಕ್ಷಾರ ಸೇರಿದಾಗ ಜಿಡ್ಡಿನ ಒಂದಂಶ ಸಾಬೂನಾಗಿ ಮಾರ್ಪಟ್ಟು, ಉಳಿದ ಜಿಡ್ಡನ್ನೂ ಹಿಡಿದುಕೊಂಡು ನೀರಿನೊಂದಿಗೆ ಹೋಗುತ್ತದೆ. ಕೊಳೆಯಿಂದಲೇ ಸಾಬೂನು ಮಾಡಿ ಕೊಳೆಯನ್ನೇ ತೆಗೆಯುವ ಉಪಾಯ! ಪೊಟ್ಯಾಸಿಯಂ ಎಂಬ ಹೆಸರು ಬಂದದ್ದು ಕೂಡ ಹೀಗೆ ಇಳಿಸಿದ ಬೂದಿನೀರನ್ನು ಪಾತ್ರೆಯಲ್ಲಿ ಕಾಸಿ ಬತ್ತಿಸಿದಾಗ ಉಳಿಯುವ ಬೂದಿಯುಪ್ಪಿನಿಂದಲೇ. ಇಂಗ್ಲಿಷಿನಲ್ಲಿ ಪಾತ್ರೆಗೆ 'ಪಾಟ್', ಬೂದಿಗೆ 'ಆಶ್', ಎರಡೂ ಸೇರಿ 'ಪೊಟ್ಯಾಷ್'. 1807ರಲ್ಲಿ ಹಂಫ್ರಿ ಡೇವಿ ವಿದ್ಯುತ್ತಿನ ಸಹಾಯದಿಂದ ಪೊಟ್ಯಾಷಿನಿಂದ ಈ ಲೋಹವನ್ನು ಬೇರ್ಪಡಿಸಿದಾಗ ಅದೇ ಹೆಸರನ್ನು ಕೊಟ್ಟ. ಅದಕ್ಕೆ ಎಷ್ಟೋ ಮೊದಲೇ ನಮ್ಮ ಮಡಿವಾಳರು ಬಟ್ಟೆಯನ್ನು ಚೌಳುಮಣ್ಣಿನ ನೀರಿನಲ್ಲಿ ಅದ್ದಿ ಉಬ್ಬೆಗೆ ಹಾಕುತ್ತಿದ್ದರು. ಕ್ಷಾರ, ಹಬೆ, ಬಡಿತ, ಬಿಸಿಲು: ನಾಲ್ಕರಲ್ಲಿ ಒಂದನ್ನೂ ಬಿಡುವಂತಿಲ್ಲ.

ಯುರೋಪಿನಲ್ಲಿ ಕೂಡ ಹದಿನೆಂಟನೆಯ ಶತಮಾನದವರೆಗೆ ನೂಲಿನ ಬಟ್ಟೆಯನ್ನು ಬೂದಿನೀರಿನಲ್ಲಿ ಬೇಯಿಸಿ, ಹುಳಿಹಾಲಿನಲ್ಲಿ ನೆನೆಸಿ, ತಿಂಗಳುಗಟ್ಟಲೆ ಹುಲ್ಲುಗಾವಲಿನ ಮೇಲೆ ಬಿಸಿಲಿಗೆ ಹರಡಿ ಬೆಳ್ಳಗೆ ಮಾಡುತ್ತಿದ್ದರು. ಅಷ್ಟು ದಿನ ಕಾಯುವ ವ್ಯವಧಾನ ಗಿರಣಿಗಳಿಗೆ ಎಲ್ಲಿಂದ ಬರಬೇಕು? 1799ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ ಬ್ಲೀಚಿಂಗ್ ಪುಡಿಗೆ ಪೇಟೆಂಟ್ ಪಡೆದ. ತಿಂಗಳ ಕೆಲಸ ದಿನಗಳಿಗೆ ಇಳಿಯಿತು. ಅದರ ಮರಿಮೊಮ್ಮಕ್ಕಳೇ ಇವತ್ತು ನಮ್ಮ ಬಚ್ಚಲಿನ ಗೂಡಿನಲ್ಲಿ ನೀಲಿ ಮುಚ್ಚಳದ ಬಾಟಲಿಗಳಾಗಿ ಕೂತಿರುವುದು.

ನಮ್ಮಮ್ಮನಿಗೆ ಆ ಬಾಟಲಿಯೆಂದರೆ ಬಹಳ ಪ್ರೀತಿಯಾಗಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಹಳೆಯ ಕಾಲದವರೆಲ್ಲ ಹಳೆಯ ಪದ್ಧತಿಗೇ ಜೋತುಬಿದ್ದಿರುತ್ತಾರೆಂದು ನಾವು ಕಥೆ ಕಟ್ಟಿಕೊಳ್ಳುತ್ತೇವೆ. ನಲವತ್ತು ವರ್ಷ ಬೂದಿನೀರು ಕಾಸಿದವರಿಗೆ ಅದರ ಮೇಲೆ ಯಾವ ಮೋಹವೂ ಇರುವುದಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮ ತುಮಕೂರಿನ ನಮ್ಮ ಮನೆಗೆ ಬಂದರು. ಬಂದವರೇ ಅಡುಗೆಮನೆಯ ಬಟ್ಟೆಗಳನ್ನು ತಮ್ಮ ಸುಪರ್ದಿಗೆ ತೆಗೆದುಕೊಂಡರು. "ಒಂದು ಮುಚ್ಚಳ ಹಾಕಿದ್ರೆ ಎಷ್ಟು ಬೆಳ್ಳಗೆ ಬರ್ತದೆ ಮಾರಾಯ್ತಿ! ನಾವು ಎಂತಕ್ಕೆ ಅಷ್ಟು ಒದ್ದಾಡಿದ್ದೋ" ಎಂದು ಅಚ್ಚರಿಪಟ್ಟರು. ಒಂದು ಮುಚ್ಚಳ ಎರಡಾಯಿತು. ನಮ್ಮದು ಕೊಳವೆಬಾವಿಯ ಗಡಸು ನೀರು. ಸೋಪು ನೊರೆ ಬರುವುದೇ ಕಷ್ಟ. ಹಾಗಾಗಿ ಪುಡಿಯೂ ಇನ್ನೊಂದು ಹಿಡಿ ಹೆಚ್ಚು.

ನಾಲ್ಕೈದು ತಿಂಗಳಲ್ಲಿ ಅಮ್ಮನ ಬೆರಳುಗಳು ಕೆಂಪಾಗಿ, ಗೆಣ್ಣುಗಳ ಹತ್ತಿರ ಬಿರುಕು ಬಿಟ್ಟವು. ಮೊದಮೊದಲು ಕೊಬ್ಬರಿ ಎಣ್ಣೆ ಸವರಿಕೊಂಡು ಸುಮ್ಮನಿದ್ದರು. ಒಂದು ಸಂಜೆ ಸಾರಿಗೆ ಹುಣಸೆಹಣ್ಣು ಕಿವುಚಲು ಕೈಹಾಕಿದವರು ಥಟ್ಟನೆ ತೆಗೆದು, ಬಾಯಿಂದ ಮಾತು ಬರದೆ ನಲ್ಲಿಯ ಕೆಳಗೆ ಹಿಡಿದುಕೊಂಡು ನಿಂತರು. ಚರ್ಮದ ವೈದ್ಯರು ನೋಡಿ ಮುಲಾಮು ಬರೆದುಕೊಟ್ಟರು. "ಅಜ್ಜೀ, ಔಷಧಿ ಮುಖ್ಯ ಅಲ್ಲ. ಬ್ಲೀಚು, ಸೋಪಿನಪುಡಿ ಮುಟ್ಟಬೇಡಿ, ಅಷ್ಟು ಮಾಡಿ" ಎಂದರು. ರಬ್ಬರಿನ ಕೈಗವಸು ತಂದುಕೊಟ್ಟೆವು. ಅದು ಮೊಳೆಗೆ ನೇತುಬಿದ್ದಿತು. ನಾನು ಒಗೆಯುತ್ತೇನೆಂದರೆ ಬಿಡುವವರಲ್ಲ. ಕೈಕಟ್ಟಿ ಕೂರುವುದು ಅವರ ಜಾತಕದಲ್ಲೇ ಬರೆದಿಲ್ಲ. ಉಳಿದದ್ದು ಒಂದೇ ದಾರಿ: ಕೈ ಸುಡದಂತೆ ಒಗೆಯುವ ವಿಧಾನ ಹುಡುಕುವುದು.

ಬೂದಿನೀರಿಗೆ ಮರಳೋಣವೆಂದರೆ ಗ್ಯಾಸಿನಲ್ಲಿ ಬೂದಿ ಎಲ್ಲಿ? ಅಲ್ಲದೆ ಬೂದಿನೀರು ಕೂಡ ಚುರುಕು ವಸ್ತುವೇ, ಗಟ್ಟಿಯಾದರೆ ಚರ್ಮ ಸುಡುತ್ತದೆ. ನಿಸರ್ಗದಿಂದ ಬಂದದ್ದೆಲ್ಲ ಸೌಮ್ಯ ಎನ್ನುವ ಈಗಿನ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಹಸಿಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಕಣ್ಣುಜ್ಜಿಕೊಂಡವರು ಯಾರೂ ಒಪ್ಪಲಾರರು. ನಾವು ಹಿಡಿದದ್ದು ಅಡುಗೆ ಸೋಡ. ತಣ್ಣೀರಿನಲ್ಲಿ ಅದು ಬಹಳ ಸೌಮ್ಯ ಕ್ಷಾರ. ಕುದಿಸಿದಾಗ ಇಂಗಾಲದ ಡೈಆಕ್ಸೈಡ್ ಬಿಟ್ಟುಕೊಡುತ್ತಾ ಸ್ವಲ್ಪಸ್ವಲ್ಪವಾಗಿ ಬಟ್ಟೆ ಸೋಡವಾಗಿ, ಅಂದರೆ ಸೋಡಿಯಂ ಕಾರ್ಬೊನೇಟಾಗಿ, ಬದಲಾಗುತ್ತದೆ. ಹಾಗಾಗಿ ಕೈ ಮುಟ್ಟುವಾಗ ಸೌಮ್ಯ, ಒಲೆಯ ಮೇಲೆ ಚುರುಕು.

ನಮ್ಮ ಮನೆಯ ಕ್ರಮ ಹೀಗಿದೆ. ರಾತ್ರಿ ಅಡುಗೆಮನೆಯ ಕೆಲಸ ಮುಗಿದ ಮೇಲೆ ಬಟ್ಟೆಗಳನ್ನು ಮೊದಲು ತಣ್ಣೀರಿನಲ್ಲಿ ಜಾಲಿಸುವುದು. ಹಾಲು, ಮೊಟ್ಟೆಯ ಕಲೆಗೆ ಮೊದಲೇ ಬಿಸಿನೀರು ಬಿದ್ದರೆ ಅದರ ಪ್ರೊಟೀನು ಗಟ್ಟಿಯಾಗಿ ನೂಲಿಗೇ ಅಂಟಿಕೊಳ್ಳುತ್ತದೆ. ಆಮೇಲೆ ಇದಕ್ಕೆಂದೇ ಮೀಸಲಿಟ್ಟ ಹಳೆಯ ಸ್ಟೀಲ್ ಪಾತ್ರೆಯಲ್ಲಿ ಎರಡು ಲೀಟರು ನೀರು, ಒಂದು ದೊಡ್ಡ ಚಮಚ ಅಡುಗೆ ಸೋಡ. ಸೋಡವನ್ನು ತಣ್ಣಗಿರುವಾಗಲೇ ಹಾಕಬೇಕು, ಕುದಿಯುವ ನೀರಿಗೆ ಸುರಿದರೆ ಬುಸ್ಸೆಂದು ಉಕ್ಕಿ ಒಲೆ ಆರಿಸೀತು. ಅಲ್ಯೂಮಿನಿಯಂ ಪಾತ್ರೆ ಬೇಡ, ಕ್ಷಾರಕ್ಕೆ ಅದು ಕಪ್ಪಾಗುತ್ತದೆ. ಬಿಳಿ ಹತ್ತಿಬಟ್ಟೆಗಳನ್ನು ಹಾಕಿ ಕುದಿ ಬಂದ ಮೇಲೆ ಹದಿನೈದು ನಿಮಿಷ ಬಿಟ್ಟು ಒಲೆ ಆರಿಸಿ ಮಲಗುವುದು. ಬಣ್ಣದ ಬಟ್ಟೆಯನ್ನು ಜೊತೆಗೆ ಹಾಕಿದಿರೋ, ಬೆಳಿಗ್ಗೆ ಎಲ್ಲವೂ ಒಂದೇ ಬಣ್ಣದ ಸಮವಸ್ತ್ರ ತೊಟ್ಟಿರುತ್ತವೆ! ತಣಿದ ನೀರು ಚೆಲ್ಲಿ, ಎರಡು ಸಲ ಜಾಲಿಸಿ, ಕೊನೆಯ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿದರೆ ಉಳಿದ ಕ್ಷಾರ ಶಮನವಾಗುತ್ತದೆ. ಗಡಸು ನೀರಿನಲ್ಲಿ ಸೋಪು ಸುಣ್ಣದಂಶದೊಂದಿಗೆ ಸೇರಿ ಬಟ್ಟೆಯ ಮೇಲೆ ಕೂರಿಸುವ ಬೂದುಬಣ್ಣದ ಕಿಟ್ಟವೂ ಒಂದಿಷ್ಟು ಬಿಡುತ್ತದೆ. ನಿಂಬೆ ದುಬಾರಿಯಾದ ಬೇಸಿಗೆಯಲ್ಲಿ ಎರಡು ಚಮಚ ವಿನಿಗರ್. ನಿಂಬೆಯ ನೀರನ್ನು ಮುಟ್ಟುವುದು ನನ್ನ ಪಾಲು, ಅಮ್ಮನ ಬೆರಳಿಗೆ ಅದು ಆಗದು.

ಮೊಬೈಲಿನಲ್ಲಿ ಬರುವ ವಿಡಿಯೋಗಳಲ್ಲಿ ಸೋಡ, ವಿನಿಗರ್ ಎರಡನ್ನೂ ಒಟ್ಟಿಗೆ ಸುರಿದು, ನೊರೆ ಉಕ್ಕುವುದನ್ನು ತೋರಿಸಿ "ನೋಡಿ ಕೊಳೆ ಹೇಗೆ ಏಳುತ್ತಿದೆ" ಎನ್ನುತ್ತಾರೆ. ನಮ್ಮ ಒಂಬತ್ತನೆಯ ತರಗತಿಯ ಮಗಳು ಅದನ್ನು ನೋಡಿ ನಕ್ಕಳು. "ಅಮ್ಮಾ, ಆಮ್ಲ ಕ್ಷಾರ ಸೇರಿದರೆ ಎರಡರ ಶಕ್ತಿಯೂ ಹೋಗುತ್ತಲ್ಲ? ಮೇಲೆ ಬರೋದು ಬರೀ ಗಾಳಿ." ಅವಳ ಮಾತು ಸರಿ. ಏಳುವುದು ಇಂಗಾಲದ ಡೈಆಕ್ಸೈಡ್, ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಉಪ್ಪು ಕರಗಿದ ನೀರು. ಪಾಠಪುಸ್ತಕದಲ್ಲಿ ಓದಿದ್ದು ಅಡುಗೆಮನೆಯಲ್ಲಿ ನೆನಪಾಯಿತಲ್ಲ ಎಂದು ನನಗೆ ಅಂಕಪಟ್ಟಿ ನೋಡಿದ್ದಕ್ಕಿಂತ ಹೆಚ್ಚು ಸಂತೋಷವಾಯಿತು.

ಅರಿಶಿನದ ಕಲೆಯದೇ ಒಂದು ತಮಾಷೆ. ಸಾರಿನ ಹಳದಿ ಕಲೆಗೆ ಸೋಪು ಹಚ್ಚಿದ ಕ್ಷಣ ರಕ್ತದಂತೆ ಕೆಂಪಾಗುತ್ತದೆ. ಹೊಸದಾಗಿ ಮನೆ ಹೂಡಿದವರು ಗಾಬರಿಯಾಗಿ ಇನ್ನಷ್ಟು ಸೋಪು ಹಚ್ಚುತ್ತಾರೆ, ಅದು ಇನ್ನಷ್ಟು ಕೆಂಪಾಗುತ್ತದೆ! ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಕಲಸಿ ಓಕುಳಿ ಮಾಡುವುದಿಲ್ಲವೇ? ಅದೂ ಇದೂ ಒಂದೇ. ಕ್ಷಾರದಲ್ಲಿ ಕೆಂಪು, ಆಮ್ಲದಲ್ಲಿ ಮತ್ತೆ ಹಳದಿ. ಅರಿಶಿನದ ಬಣ್ಣವಾದ ಕರ್ಕ್ಯುಮಿನ್ ಬೆಳಕಿಗೆ ನಿಲ್ಲುವುದಿಲ್ಲ. ಜಿಡ್ಡು ತೆಗೆದು, ಒದ್ದೆ ಬಟ್ಟೆಯನ್ನು ಎರಡು ದಿನ ಸುಡುಬಿಸಿಲಿನಲ್ಲಿ ಹರವಿದರೆ ಕಲೆ ತಾನಾಗಿ ಮಾಸುತ್ತದೆ. ಮಗಳು ಒಂದೇ ಬಟ್ಟೆಯ ಎರಡು ತುಂಡಿಗೆ ಅರಿಶಿನ ಹಚ್ಚಿ, ಒಂದನ್ನು ತಾರಸಿಯಲ್ಲಿ, ಇನ್ನೊಂದನ್ನು ಕಪಾಟಿನಲ್ಲಿ ಇಟ್ಟು ಹೋಲಿಸಿದಳು. ಖರ್ಚಿಲ್ಲದ ಪ್ರಯೋಗ, ಶಾಲೆಯ ಮಕ್ಕಳು ಯಾರಾದರೂ ಮಾಡಿ ನೋಡಬಹುದು.

ಆದರೆ ಒಂದು ಪ್ರಯೋಗವನ್ನು ಮಾತ್ರ ಮಕ್ಕಳೂ ದೊಡ್ಡವರೂ ಎಂದೂ ಮಾಡಬಾರದು. ಬ್ಲೀಚಿನ ಜೊತೆಗೆ ವಿನಿಗರ್, ನಿಂಬೆ, ಕಕ್ಕಸು ತೊಳೆಯುವ ಆಮ್ಲ, ಯಾವುದನ್ನೂ ಸೇರಿಸಕೂಡದು. ಒಂದರಿಂದಲೇ ಇಷ್ಟು ಬೆಳ್ಳಗಾದರೆ ಎರಡರಿಂದ ಇನ್ನೆಷ್ಟೋ ಎಂದು ಬೆರೆಸುವವರಿದ್ದಾರೆ. ಹಾಗೆ ಬೆರೆಸಿದಾಗ ಹೊರಬರುವುದು ಕ್ಲೋರಿನ್ ಅನಿಲ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪರ್ ಪಟ್ಟಣದ ಬಳಿ ಜರ್ಮನ್ ಸೇನೆ ಎದುರಾಳಿಗಳ ಮೇಲೆ ಬಿಟ್ಟದ್ದು ಇದೇ ಅನಿಲ. ಕಿಟಕಿಯಿಲ್ಲದ ಪುಟ್ಟ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನೇ ಸುಡಬಲ್ಲದು. ಕಣ್ಣು ಉರಿದು ಕೆಮ್ಮು ಬಂದರೆ ಬಕೆಟ್ಟನ್ನು ಅಲ್ಲೇ ಬಿಟ್ಟು ಹೊರಗೆ ಗಾಳಿಗೆ ಬರಬೇಕು, ಉಸಿರಾಟಕ್ಕೆ ಕಷ್ಟವಾದರೆ ವೈದ್ಯರ ಬಳಿಗೆ ಓಡಬೇಕು. ಮನೆಗೆಲಸಕ್ಕೆ ಬರುವ ಹೆಂಗಸರಿಗೂ ಇದನ್ನು ಬಾಯಿಬಿಟ್ಟು ಹೇಳಿರಬೇಕು. ಬಾಟಲಿಯ ಮೇಲಿನ ಸಣ್ಣ ಅಕ್ಷರಗಳನ್ನು ಅವರಿಗೆ ಓದಿ ಹೇಳುವವರು ಯಾರು?

ಅಂಟುವಾಳದ ಮಾತು ಎತ್ತದಿದ್ದರೆ ಓದುಗರು ನನ್ನನ್ನು ಬಿಡಲಾರರು. ಹೌದು, ಅದನ್ನೂ ಬಳಸಿದೆವು. ಹತ್ತು ಕಾಯಿ ಒಡೆದು ಬೀಜ ತೆಗೆದು, ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ ಕಿವುಚಿ ಸೋಸಿದರೆ ಒಳ್ಳೆಯ ನೊರೆ ಬರುತ್ತದೆ. ಅದರಲ್ಲಿರುವ ಸ್ಯಾಪೊನಿನ್ ಸೋಪಿನಂತೆ ಗಡಸು ನೀರಿಗೆ ಸೋಲುವುದಿಲ್ಲ. ರೇಷ್ಮೆ ಸೀರೆಗೆ, ಚಿನ್ನದ ಒಡವೆಗೆ ಅದು ಸರಿಯೇ. ಅಮ್ಮನ ಕೈಗೂ ಹಿತವಾಯಿತು. ಆದರೆ ಹಪ್ಪಳ ಕರಿದ ದಿನದ ಮಸಿಬಟ್ಟೆಗೆ ಅದೊಂದೇ ಸಾಲದು, ಕುದಿಸಲೇಬೇಕು. ಕಷಾಯ ಎರಡು ದಿನಕ್ಕೆ ಹಳಸುತ್ತದೆ ಬೇರೆ. ಕೈಯಲ್ಲಿ ಒಗೆಯುವ ಮಾಮೂಲು ದಿನಗಳಿಗೆ ಅಂಟುವಾಳ, ಭಾನುವಾರಕ್ಕೆ ಸೋಡ ಎಂದು ನಾವು ರಾಜಿ ಮಾಡಿಕೊಂಡೆವು.

ಬಟ್ಟೆಯೂ ಸರಿಯಾದದ್ದಿರಬೇಕು. ಪಾಲಿಯೆಸ್ಟರ್ ಸೇರಿದ ಬಟ್ಟೆ ನೀರು ಹೀರುವುದಿಲ್ಲ, ಜಿಡ್ಡನ್ನು ಮಾತ್ರ ಬಿಡುವುದಿಲ್ಲ, ಬಿಸಿ ಬಾಣಲೆ ಹಿಡಿದರೆ ಕರಗಿ ಕೈಗೇ ಅಂಟೀತು. ಹಳೆಯ ಹತ್ತಿಸೀರೆ, ಪಂಚೆ ಇವಕ್ಕೆ ಸಮನಾದದ್ದು ಅಂಗಡಿಯಲ್ಲಿಲ್ಲ. ಮೃದುವಾಗಲೆಂದು ಕೊನೆಯ ನೀರಿಗೆ ಹಾಕುವ ಸುಗಂಧದ ದ್ರವವೂ ಬೇಡ, ನೂಲಿನ ಮೇಲೆ ಪದರ ಕಟ್ಟಿ ನೀರು ಹೀರುವ ಗುಣವನ್ನೇ ಕಡಿಮೆ ಮಾಡುತ್ತದೆ. ಹಿಡಿಯುವುದಕ್ಕೊಂದು, ಕಟ್ಟೆಗೊಂದು, ತಟ್ಟೆಗೊಂದು, ಕೈಗೊಂದು ಎಂದು ಅಮ್ಮ ನಾಲ್ಕು ಮೊಳೆ ಹೊಡೆಸಿದರು. ಹೊಡೆಸುವುದು ಸುಲಭ, ಪಾಲಿಸುವುದು? ನಮ್ಮವರಿಗೆ ಕೈ ಒದ್ದೆಯಾದರೆ ಹತ್ತಿರ ಸಿಕ್ಕಿದ್ದೇ ಬಟ್ಟೆ. ಎರಡು ವಾರ ಹೇಳಿ ಸಾಕಾಗಿ ಅಮ್ಮ ಹೊಸ ಕಾನೂನು ತಂದರು: ತಟ್ಟೆಯ ಬಟ್ಟೆಯಲ್ಲಿ ಕೈ ಒರೆಸಿದವರು ಅಂದು ರಾತ್ರಿ ಎಲ್ಲ ಬಟ್ಟೆಗಳನ್ನೂ ಜಾಲಿಸಬೇಕು. ಮೊದಲ ಮೂರು ರಾತ್ರಿ ಅಳಿಯಂದಿರೇ ಜಾಲಿಸಿದರು. "ಅಳಿಯಂದಿರಿಗೆ ಹೀಗೆಲ್ಲ ಹೇಳೋದುಂಟಾ ಅಮ್ಮಾ" ಎಂದು ನಾನು ಸುಮ್ಮನೆ ಕೆಣಕಿದರೆ, "ಒರೆಸುವಾಗ ಅಳಿಯಂದಿರಲ್ಲವಾ?" ಎಂದರು.

ಮಳೆಗಾಲಕ್ಕೆ ತುಮಕೂರಿನಲ್ಲಿ ಬಚ್ಚಲೊಲೆಯೂ ಇಲ್ಲ, ಗಳವೂ ಇಲ್ಲ. ಬಿಗಿಯಾಗಿ ಹಿಂಡಿ, ಫ್ಯಾನಿನ ಕೆಳಗೆ ಒಂದರ ಮೇಲೊಂದು ಬೀಳದಂತೆ ಹರವಿ, ಬೆಳಿಗ್ಗೆ ತೇವ ಉಳಿದಿದ್ದರೆ ಇಸ್ತ್ರಿಪೆಟ್ಟಿಗೆ ಆಡಿಸುತ್ತೇವೆ. ಗ್ಯಾಸ್ ಒಲೆಯ ಮೇಲೆ ಹರವುವುದನ್ನು ಮಾತ್ರ ಯಾರೂ ಮಾಡಬಾರದು, ಬೆಂಕಿಗೆ ಆಹ್ವಾನ ಕೊಟ್ಟಂತೆ.

ಅಮ್ಮನ ಬೆರಳುಗಳ ಬಿರುಕು ಕೂಡಿಕೊಳ್ಳಲು ಎರಡು ತಿಂಗಳು ಹಿಡಿಯಿತು. ಚಳಿಗಾಲದಲ್ಲಿ ಈಗಲೂ ಒಮ್ಮೊಮ್ಮೆ ಕೆಂಪಾಗುತ್ತವೆ.

ಹಿರಿಯ ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗಿಗೆ ಸೇರಿ, ಎರಡನೆಯ ವರ್ಷದಲ್ಲಿ ಮೂವರು ಗೆಳೆಯರೊಂದಿಗೆ ರೂಮು ಮಾಡಿದ. ನಾಲ್ಕು ಹುಡುಗರು, ಒಂದು ಕುಕ್ಕರು, ಒಂದು ಬಟ್ಟೆ. ಒಂದು ತಿಂಗಳಾದ ಮೇಲೆ ಫೋನು ಮಾಡಿ, "ಅಮ್ಮಾ, ರೂಮೆಲ್ಲ ಏನೋ ವಾಸನೆ. ಅನ್ನದ್ದಲ್ಲ, ಚರಂಡಿದೂ ಅಲ್ಲ" ಎಂದ. ಎಲ್ಲಿಂದ ಎಂದು ನಾನು ಕೇಳುವ ಮೊದಲೇ ಅಮ್ಮ ಫೋನು ಕಸಿದುಕೊಂಡು, "ಬಟ್ಟೆ ಮೂಸಿ ನೋಡಿದ್ಯನಾ?" ಎಂದರು. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ.

ಫೋನಿಟ್ಟ ಮೇಲೆ ಅಮ್ಮ ಕೋಣೆಗೆ ಹೋಗಿ ಟ್ರಂಕು ತೆಗೆದರು. ಅಪ್ಪ ಉಡುತ್ತಿದ್ದ ಪಂಚೆಗಳು ಅದರಲ್ಲಿವೆಯೆಂದು ನನಗೆ ಗೊತ್ತಿತ್ತು. ಅವುಗಳ ಸುದ್ದಿಯನ್ನು ನಾವ್ಯಾರೂ ಎತ್ತುತ್ತಿರಲಿಲ್ಲ. ಎರಡನ್ನು ಹೊರತೆಗೆದು, ಅಂಚು ಬಿಡಿಸಿ, ಮೊಳ ಹಾಕಿ ಹರಿದರು. ಹನ್ನೆರಡು ತುಂಡಾಯಿತು. ಕನ್ನಡಕ ಏರಿಸಿಕೊಂಡು ಒಂದೊಂದರ ಬದಿಯನ್ನೂ ಮಡಿಸಿ ಹೊಲಿದರು. ಮೂರು ಮಧ್ಯಾಹ್ನ ಹಿಡಿಯಿತು. ದೀಪಾವಳಿಗೆ ಬಂದು ಹೋಗುವಾಗ ಮಗನ ಚೀಲದಲ್ಲಿ ಚಕ್ಕುಲಿ ಡಬ್ಬದ ಕೆಳಗೆ ಆ ಹನ್ನೆರಡು ಬಟ್ಟೆ, ಕಾಲು ಕೆ.ಜಿ. ಅಡುಗೆ ಸೋಡ, ನಾಲ್ಕು ಮೊಳೆ ಇಟ್ಟು, "ಸುತ್ತಿಗೆ ಓನರ್ ಹತ್ರ ಕೇಳು" ಎಂದರು.